ಕೌದಳ್ಳಿಯ ತಂಬೂರಿಗೆ ನಾನು ಶ್ರುತಿ ಹಿಡಿದದ್ದು

ಕೊಳ್ಳೇಗಾಲದಲ್ಲಿ ಬಸ್ ಇಳಿದಾಗ ಬೆಳಗ್ಗೆ ಒಂಬತ್ತೂವರೆ. ಮೋಡ ಮುಚ್ಚಿಕೊಂಡು ಸೆಕೆ ಕುದಿಯುತ್ತಿತ್ತು. ಮೈಸೂರಿನಿಂದ ಬಂದ ನಾವು ಮೂವರು: ಪಿಟೀಲಿನ ಶುಭಾ, ಗಿಟಾರಿನ ಜೋಸೆಫ್, ದುಂಡು ಮೈಯ ತಂತಿವಾದ್ಯ ಬ್ಯಾಂಜೊ ನುಡಿಸುವ ನಾನು. ನೂರು ವರ್ಷದ ಹಿಂದೆ ಅಮೆರಿಕದ ಗುಡ್ಡಗಾಡಿನ ಜನ ಜಗಲಿಯಲ್ಲಿ ಕೂತು ನುಡಿಸುತ್ತಿದ್ದ ಹಾಡುಗಳನ್ನು ಹಳೆಯ ರೆಕಾರ್ಡುಗಳಿಂದ ಕಲಿತು ನುಡಿಸುವುದು ನಮ್ಮ ತಂಡದ ಹುಚ್ಚು. ಅಲ್ಲಿ ಹಾಡು ಬದಲಾದರೆ ತಂತಿಗಳ ಶ್ರುತಿಯೂ ಬದಲಾಗಬೇಕು. ಗೊರಗೊರ ಎನ್ನುವ ರೆಕಾರ್ಡ್ ಕೇಳಿಯೇ ಸತ್ತವರ ಶ್ರುತಿ ಕಂಡುಹಿಡಿಯುತ್ತೇನೆಂದು ನನಗೆ ಕೊಂಚ ಕೊಬ್ಬೂ ಇತ್ತು.

ಮರುದಿನ ಯಳಂದೂರಿನಲ್ಲಿ ನಮ್ಮ ಕಾರ್ಯಕ್ರಮ. ನಮ್ಮೊಡನೆ ಹಾಡಲು ಕೌದಳ್ಳಿಯ ಪುಟ್ಟಮಾದಯ್ಯ ಒಪ್ಪಿದ್ದರು. ತಂಬೂರಿ ಹಿಡಿದು ದೇವರ ಕಥೆ ಹಾಡುವ ನೀಲಗಾರರು ಅವರು. ಜೊತೆಯಲ್ಲಿ ದನಿಗೂಡಿಸುತ್ತಿದ್ದ ಹೆಂಡತಿ ರಾಚಮ್ಮ ತೀರಿಕೊಂಡ ಮೇಲೆ ಎಲ್ಲೂ ಹಾಡಿರಲಿಲ್ಲ. ಅವರನ್ನು ಕರೆತರಲೆಂದೇ ಹೊರಟಿದ್ದೆವು.

ಹನೂರಿನ ಬಸ್ಸಿನಲ್ಲಿ ಶುಭಾಗೆ ಟಿಕೆಟ್ ಪುಕ್ಕಟೆ, ನನ್ನ ಬ್ಯಾಂಜೊ ಪೆಟ್ಟಿಗೆಗೆ ಮಾತ್ರ ಅರ್ಧ ಟಿಕೆಟ್. "ಒಳಗೇನ್ ಸಾ, ಬಾಣ್ಲಿನಾ?" ಎಂದ ಕಂಡಕ್ಟರ್. ಹನೂರಿನಲ್ಲಿ ತಣ್ಣಗಾದ ಇಡ್ಲಿ ತಿಂದು ಬೆಟ್ಟದ ಕಡೆಯ ಬಸ್ ಹಿಡಿದು ಕೌದಳ್ಳಿಯಲ್ಲಿ ಇಳಿದೆವು.

ಪುಟ್ಟಮಾದಯ್ಯ ಮನೆಯಲ್ಲಿ ಬಿಳಿ ಅಂಗಿ ತೊಟ್ಟು ಕಾಯುತ್ತಿದ್ದರು. "ಕುಂತ್ಕಳಿ, ಟೀಗೆ ಆಲು ತಕಂಡ್ ಬತ್ತೀನಿ" ಎಂದು ಅಂಗಡಿಗೆ ಹೋದರು. ಗೋಡೆಯ ಮೊಳೆಯಲ್ಲಿ ತಂಬೂರಿ ತೂಗುತ್ತಿತ್ತು. ಕೂಡಿ ನುಡಿಸುವ ಮುನ್ನ ಎಲ್ಲ ವಾದ್ಯಗಳನ್ನೂ ಪಿಟೀಲಿನ ಶ್ರುತಿಗೆ ಕೂಡಿಸುವುದು ನಮ್ಮ ರೂಢಿ. ಮುದುಕರಿಗೆ ಉಪಕಾರ ಮಾಡುವವನಂತೆ ತಂಬೂರಿ ಇಳಿಸಿಕೊಂಡು ಮೀಟಿದೆ. ಶ್ರುತಿ ಬಹಳ ಇಳಿದಿತ್ತು. ಶುಭಾ ಸ್ವರ ಕೊಟ್ಟಳು, ನಾನು ತಂತಿ ಬಿಗಿಯುವ ಬಿರಟೆ ತಿರುಗಿಸಿದೆ.

ಟೀ ಕುಡಿದಾದ ಮೇಲೆ ಅವರು ತಂಬೂರಿ ಎತ್ತಿಕೊಂಡು ಒಮ್ಮೆ ಮೀಟಿದರು. ಕೈ ನಿಂತಿತು.

"ಯಾರ್ ಮುಟ್ಟುದ್ರು?"

"ನಾನೇ ಅಯ್ಯ. ಇಳಿದುಹೋಗಿತ್ತು, ಏರಿಸಿದೆ."

"ಇಳ್ದಿರ್ನಿಲ್ಲ ಕಣಪ್ಪ. ನಮ್ ರಾಚಮ್ಮ ಇಳ್ಸಿ ಮಡಗಿದ್ಲು. ದಮ್ಮು ಬಂದ್ಮೇಲೆ ದನಿ ಮ್ಯಾಕೆ ಏಳ್ತಿರ್ನಿಲ್ಲ, ತನ್ನ ದನಿಗೆ ತಾನೇ ಕೂಡ್ಸ್ಕಂಡಿದ್ಲು. ಅವಳು ಹೋದ್ಮೇಲೆ ನಾನು ದಿನಾ ಒಂದ್ಸಲ ಮೀಟಿ ಕೇಳ್ತಿದ್ದಿ, ಅಷ್ಟೆಯ."

ಅವರು ತಂಬೂರಿಯನ್ನು ನನ್ನ ಮಡಿಲಿಗೇ ಇಟ್ಟರು. "ಮದ್ಲು ಎಂಗಿತ್ತೊ ಅಂಗೇ ಮಾಡ್ಕೊಡು."

ಇಳಿಸಿದೆ. "ಇದಲ್ಲ." ಇನ್ನಷ್ಟು ಇಳಿಸಿದೆ. "ಇದೂ ಅಲ್ಲ." ಶುಭಾಳ ಫೋನಿನಲ್ಲಿ ಏನೂ ಇರಲಿಲ್ಲ, ಶ್ರುತಿ ಸರಿಹೋದ ಮೇಲೆ ರೆಕಾರ್ಡ್ ಮಾಡೋಣವೆಂದಿದ್ದೆವು. ನಾನು ಮೀಟಿದ್ದೇನೋ ನಿಜ, ಆದರೆ ತಪ್ಪು ಎಂದಷ್ಟೇ ಕೇಳಿಸಿಕೊಂಡಿದ್ದೆ. ಅರ್ಧ ಗಂಟೆ ತಿಣುಕಿದೆ. ಕೊನೆಕೊನೆಗೆ ಅವರಿಗೂ ಯಾವುದು ಹೌದು, ಯಾವುದು ಅಲ್ಲ ಎಂದು ಗೊತ್ತಾಗದೆ ಹೋಯಿತು. ನಾಚಿಕೆಯಿಂದ ಸತ್ತುಹೋಗಬೇಕು ಎನ್ನಿಸಿತು.

"ಬುಡಪ್ಪ. ಬೇಕು ಅಂತ ಮಾಡ್ದಾ ನೀನು?" ಎಂದರು. ಯಳಂದೂರಿಗೆ ಬರಲಾರೆ ಎಂದರು. ನಾವೂ ಬಲವಂತ ಮಾಡಲಿಲ್ಲ.

ಹನೂರಿಗೆ ಮರಳುವ ಬಸ್ ಅವರ ಮನೆಯ ಮುಂದೆಯೇ ನಿಧಾನವಾಗಿ ಹಾದುಹೋಯಿತು. ಕಿಟಕಿಯಿಂದ ನೋಡಿದೆ. ಬಿಳಿ ಅಂಗಿಯಲ್ಲೇ ಬಾಗಿಲಲ್ಲಿ ಕೂತು, ತಂಬೂರಿಯನ್ನು ಕಿವಿಗೆ ಒತ್ತಿಕೊಂಡು, ಒಂದು ಕೈಯಲ್ಲಿ ಬಿರಟೆ ತಿರುಗಿಸುತ್ತ, ಪುಟ್ಟಮಾದಯ್ಯ ಹೆಣ್ಣುದನಿ ತೆಗೆಯಲು ನೋಡುತ್ತಿದ್ದರು.