ಗೇಟಿನ ಕಂಬದ ಕಂದು ನಾಯಿ

ಮಹದೇವಪುರದ ಆ ಬಾಡಿಗೆ ಮನೆಗೆ ಬಂದ ಹೊಸದರಲ್ಲಿ, ಬೆಳಗ್ಗೆ ಹಾಲು ತರಲು ಹೊರಟಾಗಲೆಲ್ಲ ಒಂದು ಕಂದು ನಾಯಿ ಸಿಗುತ್ತಿತ್ತು. ಅದೂ ಸುತ್ತು ಹೊರಟಿರುತ್ತಿತ್ತು. ಮೊದಲು ನಮ್ಮ ಗೇಟಿನ ಕಂಬ, ಆಮೇಲೆ ಸದಾ ನಿಂತೇ ಇರುವ ವ್ಯಾನಿನ ಚಕ್ರ, ಕೊನೆಗೆ ತಿರುವಿನ ಲೈಟುಕಂಬ. ಮೂಸುವುದು, ಕಾಲೆತ್ತುವುದು, ಎರಡು ಹನಿ ಬಿಟ್ಟು ಮುಂದಕ್ಕೆ. ತಿರುವಿನಲ್ಲಿ ಮಾತ್ರ ಹಿಂಗಾಲಿನಿಂದ ಮಣ್ಣು ಕೆರೆದು ಹಾರಿಸುತ್ತಿತ್ತು. ಪಕ್ಕದ ಬೀದಿಯ ನಾಯಿಗಳು ಆ ಕಂಬದವರೆಗೆ ಬಂದು, ಮೂಸಿ, ವಾಪಸು ಹೋಗುತ್ತಿದ್ದುದನ್ನು ಬಾಲ್ಕನಿಯಿಂದ ಎಷ್ಟೋ ಸಲ ನೋಡಿದ್ದೇನೆ.

ಮನೆ ಓನರ್ ಆಂಟಿಗೆ ಅದನ್ನು ಕಂಡರಾಗದು. ಲೇಔಟು ಇನ್ನೂ ರಾಗಿ ಹೊಲವಾಗಿದ್ದಾಗಿನಿಂದ ಅಲ್ಲೇ ಇದ್ದವರು.

"ನೋಡವ್ವಾ, ಉಚ್ಚೆ ಉಯ್ದು ಉಯ್ದು ಗೇಟು ಎಂಗೆ ತುಕ್ಕು ಇಡಿಸೈತೆ! ಪತ್ರ ಇಲ್ಲ, ಪಾಣಿ ಇಲ್ಲ, ಬೀದಿಯೆಲ್ಲಾ ತನ್ದೇ ಅಂತದೆ."

"ಸ್ವಲ್ಪ ಗಲೀಜು ಮಾಡುತ್ತೆ ಅಷ್ಟೇ ಆಂಟಿ, ಪಾಪ."

"ಗಲೀಜಂತೆ! ಕಾನ್ವೆಂಟಲ್ಲಿ ಉಚ್ಚೆಗೆ ಅಂಗಂತಾರಾ?"

ಗೌರಿ ಹಬ್ಬಕ್ಕೆ ಮುಂಚೆ ನಾಯಿ ಹಿಡಿಯುವ ವ್ಯಾನು ಬಂತು. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿ ತಂದುಬಿಡ್ತೀವಿ ಎಂದು ಕಂದು ನಾಯಿಗೆ ಬಲೆ ಹಾಕಿ ಒಯ್ದರು. ಅದೇ ವಾರ ಆಂಟಿ ಹಬ್ಬಕ್ಕೆಂದು ಕಂಬವನ್ನು ಆಸಿಡ್ ಹಾಕಿ ಉಜ್ಜಿಸಿ, ಪೇಂಟ್ ಹೊಡೆಸಿ, ಬಟ್ಟೆಯ ನೀಲಿ ಕಲಸಿದ ನೀರಿನ ಬಾಟಲಿಗಳನ್ನು ಗೇಟಿಗೆ ಕಟ್ಟಿದರು. ಅದನ್ನು ಕಂಡರೆ ನಾಯಿ ಹತ್ತಿರ ಬರುವುದಿಲ್ಲವೆಂದು ಬೀದಿಯ ನಂಬಿಕೆ. ಮಳೆಯೂ ಜೋರಾಗಿ ಬಂದು ಲೈಟುಕಂಬವನ್ನು ತೊಳೆದುಹಾಕಿತು.

ಮಳೆ ನಿಂತ ಬೆಳಗ್ಗೆ ಪಕ್ಕದ ಬೀದಿಯ ಕರಿ ನಾಯಿ ತಿರುವಿಗೆ ಬಂತು. ಮೂಸಿತು. ಮತ್ತೆ ಮೂಸಿತು. ಕಾಲೆತ್ತಿತು. ಮರುದಿನ ವ್ಯಾನಿನ ಚಕ್ರ. ಆಮೇಲೆ ನಮ್ಮ ಗೇಟು, ಸರಿಯಾಗಿ ನೀಲಿ ಬಾಟಲಿಯ ಕೆಳಗೆ.

ಕಂದು ನಾಯಿಯನ್ನು ತಂದವರು ನಮ್ಮ ಗೇಟಿನೆದುರೇ ಇಳಿಸಿದರು. ಆಪರೇಷನ್ ಆದ ಗುರುತಿಗೆ ಕಿವಿಯ ತುದಿ ಕತ್ತರಿಸಿದ್ದರು, ತೊಡೆಗಳ ನಡುವೆ ಹೊಲಿಗೆ, ಮೈಯೆಲ್ಲ ಔಷಧಿಯ ವಾಸನೆ. ಅದು ಸೀದಾ ಕಂಬಕ್ಕೆ ಹೋಗಿ ಮೂಸಿತು. ತುಂಬ ಹೊತ್ತು ಮೂಸಿತು. ಎತ್ತಿದ್ದ ಬಾಲ ನಿಧಾನವಾಗಿ ಇಳಿಯಿತು. ಕರೆಯದ ಮನೆಗೆ ಬಂದ ನೆಂಟರ ಹಾಗೆ ನಿಂತಿತ್ತು. ಕಾಲೆತ್ತಲು ಹೋಗಿ ಮುಗ್ಗರಿಸಿತು. ಅಷ್ಟರಲ್ಲಿ ತಿರುವಿನಿಂದ ಕರಿ ನಾಯಿ, ಅದರ ಹಿಂದೆ ಇನ್ನೆರಡು ಬಂದು ಮೇಲೆ ಬಿದ್ದವು.

ನಾನು ಬಾಲ್ಕನಿಯಿಂದ ಕಿರುಚಿದೆನೇ ಹೊರತು ಕೆಳಗಿಳಿಯಲಿಲ್ಲ. ಓಡಿ ಬಂದವರು ಆಂಟಿ. ಬಕೆಟ್ ನೀರು ಎರಚುತ್ತಾ, "ಬಿಡ್ರೋ! ಅವನ ಬೀದಿ ಕಣ್ರೋ ಇದು!" ಎಂದು ಕೂಗುತ್ತಿದ್ದರು.

ಕಂದು ನಾಯಿ ಸದಾ ನಿಂತಿರುವ ಆ ವ್ಯಾನಿನಡಿಗೆ ತೆವಳಿತು. ಹೊಲಿಗೆ ಬಿಚ್ಚಿಕೊಂಡಿತ್ತು. ನಾನಿಟ್ಟ ಹಾಲನ್ನು ಮುಟ್ಟಲಿಲ್ಲ. ಬೆಳಗಾಗುವಷ್ಟರಲ್ಲಿ ಸತ್ತಿತ್ತು, ಕಸದ ಗಾಡಿಯವರು ಗೋಣಿಯಲ್ಲಿ ಸುತ್ತಿ ಒಯ್ದರು.

ಆಂಟಿ ಬಾಟಲಿಗಳನ್ನು ಬಿಚ್ಚಿ ಎಸೆದರು. ನಾಯಿ ಮಲಗಿದ್ದ ಜಾಗಕ್ಕೆ ನೀರು ಸುರಿದು ಗುಡಿಸಿದರು. ನೆಲ ಇನ್ನೂ ಒಣಗಿರಲಿಲ್ಲ, ಕರಿ ನಾಯಿ ಬಂದು ಆ ಒದ್ದೆಯನ್ನು ಮೂಸಿ, ಅಲ್ಲೇ ಕಾಲೆತ್ತಿತು. ಆಂಟಿಯ ಕೈಯಲ್ಲಿ ಪೊರಕೆ ಇತ್ತು. ಎತ್ತಲಿಲ್ಲ.