ತಾನಾಗಿಯೇ ಓಡಿದ ಪ್ರಿಂಟರ್

ಪ್ರಿಂಟರ್ ತಾನಾಗಿಯೇ ಹಾಳೆ ಎಳೆದುಕೊಂಡಿತು! ಪದೇ ಪದೇ ವೈಫೈ ಕಳೆದುಕೊಳ್ಳುತ್ತಿದ್ದ ಅದಕ್ಕೆ ಅದೇ ಪಾಸ್‌ವರ್ಡ್ ಮತ್ತೆ ಕೊಟ್ಟು, ನಾನು ಆಗಷ್ಟೇ ಗೆದ್ದ ಖುಷಿಯಲ್ಲಿದ್ದೆ.

“ನಿಜಂಗಾ ನಾನು ಪ್ರಿಂಟ್ ಕೊಟ್ಟಿಲ್ಲಮ್ಮ!” ಎಂದಳು ಗಾಜುವಾಕದಲ್ಲೇ ಬೆಳೆದು ತೆಲುಗು ಬೆರೆಸಿ ಮಾತಾಡುವ ಮಗಳು.

ಹೊರಬಂದದ್ದು ಭೀಮುನಿಪಟ್ಟಣದ ಕಡಲತೀರದಲ್ಲಿ ನಾವು ಮೂವರು ನಿಂತ ಫೋಟೊ. ನೌಕಾಪಡೆಯಲ್ಲಿರುವ ನಮ್ಮ ಮನೆಯವರು ಹಡಗು ಹತ್ತುವ ಮುನ್ನ ಅದನ್ನು ಪ್ರಿಂಟ್‌ಗೆ ಕೊಟ್ಟಿದ್ದರು; ವೈಫೈ ಕೈಕೊಟ್ಟು ಅದು ಅವರ ಫೋನಿನಲ್ಲೇ ಉಳಿದಿತ್ತು. ಈಗ ಬಂದಿದೆಯೆಂದರೆ ಆ ಫೋನ್ ನಮ್ಮ ವೈಫೈಗೆ ಸಿಕ್ಕಿರಬೇಕು!

“ಅಪ್ಪ ಕೆಳಗೇ ಇದ್ದಾರೆ!” ಎಂದು ಮಗಳು ಮೆಟ್ಟಿಲಿಳಿದು ಓಡಿದಳು. ಹೌದು, ಗೇಟಿನ ಬಳಿ ಚೀಲ ಹೊತ್ತು ನಿಂತಿದ್ದರು.

ಹೇಳದೆ ಬಂದು ನಮ್ಮನ್ನು ಬೆಚ್ಚಿಬೀಳಿಸಬೇಕೆಂದಿದ್ದವರು ಗಂಟೆ ಒತ್ತುವ ಮೊದಲೇ ಸಿಕ್ಕಿಬಿದ್ದರು. ಈಗಲೂ ಪ್ರಿಂಟರ್ ಗರಗರ ಎಂದರೆ ನಾನು ಮೊದಲು ನೋಡುವುದು ಬಾಗಿಲ ಕಡೆಗೆ.