ಧೂಳಮ್ಮ ಕಳೆದುಕೊಂಡ ಗ್ರಹ

ಸಂಸ್ಥೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಧೂಳಮ್ಮ ಎಂದೇ. ಹುಟ್ಟುತ್ತಿರುವ ನಕ್ಷತ್ರಗಳನ್ನು ಸುತ್ತುವ ಧೂಳು, ಅನಿಲಗಳ ಬೆನ್ನು ಹತ್ತಿಯೇ ಅವರ ತಲೆ ನರೆತಿತ್ತು. ಅದರಲ್ಲೂ ಒಂದು ಎಳೆಯ ನಕ್ಷತ್ರವನ್ನು ಸ್ವಂತದ್ದೆಂಬಷ್ಟು ಹಚ್ಚಿಕೊಂಡಿದ್ದರು. ತಿಂಗಳ ಕೊನೆಗೆ ನಿವೃತ್ತಿ. ಇನ್ನೆರಡು ವರ್ಷ ಸಿಕ್ಕರೆ ಅದರ ಕೆಲಸ ಒಂದು ದಡ ಸೇರುತ್ತಿತ್ತು. ಅದನ್ನು ಕೊಡಬೇಕಾದವನು ಸಂಸ್ಥೆಯ ನಿರ್ದೇಶಕ, ಒಂದು ಕಾಲಕ್ಕೆ ಅವರದೇ ವಿದ್ಯಾರ್ಥಿ.

ಆ ಬೆಳಿಗ್ಗೆ ಅವನು ತನ್ನ ಕೋಣೆಗೆ ಕರೆದು ಅದೇ ನಕ್ಷತ್ರದ ಹೊಸ ಚಿತ್ರ ತೋರಿಸಿದ. ಹತ್ತಾರು ರೇಡಿಯೋ ಆಂಟೆನಾಗಳ ಅಳತೆ ಸೇರಿಸಿ ಮಾಡಿದ ಚಿತ್ರ; ಧೂಳಿನ ಬಿಲ್ಲೆಯ ನಡುವೆ ಕಪ್ಪು ಉಂಗುರ.

"ಗ್ರಹ, ಮೇಡಂ! ಧೂಳನ್ನೆಲ್ಲ ಗುಡಿಸಿ ದಾರಿ ಮಾಡ್ಕೊಂಡಿದೆ. ಮಧ್ಯಾಹ್ನ ಪತ್ರಿಕೆಯವರು ಬರ್ತಾರೆ. ಮೊದಲ ಹೆಸರು ನಿಮ್ಮದೇ."

ಉಂಗುರ ಅತಿ ಚೊಕ್ಕಟವಾಗಿತ್ತು. ಅದೇ ಅವರಿಗೆ ಹಿಡಿಸಲಿಲ್ಲ.

"ಒಂದಕ್ಕೊಂದು ಹತ್ತಿರ ಇರೋ ಆಂಟೆನಾಗಳ ಅಳತೆ ಸೇರಿಸಿದ್ದೀಯಾ?"

"ಅದರಲ್ಲಿ ಬರೀ ಗದ್ದಲ, ಮೇಡಂ, ಕೆಲಸಕ್ಕೆ ಬಾರದ ಸಂಕೇತ. ಬಿಟ್ಟುಬಿಟ್ವಿ. ಚಿತ್ರ ಎಷ್ಟು ಸ್ಪಷ್ಟವಾಗಿ ಬಂತು ನೋಡಿ."

ಧೂಳಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ದೂರ ದೂರ ನಿಂತ ಆಂಟೆನಾಗಳು ಸಣ್ಣ ವಿವರಗಳನ್ನು ಹಿಡಿಯುತ್ತವೆ. ಅಗಲಕ್ಕೆ ಹರಡಿದ ಧೂಳು ಅಕ್ಕಪಕ್ಕ ನಿಂತವಕ್ಕೆ ಮಾತ್ರ ಸಿಗುತ್ತದೆ. ಅವನ್ನು ಕೈಬಿಟ್ಟರೆ ಧೂಳಿರುವ ಜಾಗವೇ ಖಾಲಿ ಕಾಣುತ್ತದೆ. ಮೊದಲ ವರ್ಷವೇ ಇದನ್ನು ಅವನಿಗೆ ಬಾಯಿಪಾಠ ಮಾಡಿಸಿದ್ದರು.

"ಸೇರಿಸು."

"ಈಗಲೇನಾ?"

"ಈಗಲೇ. ನನ್ನ ಕಣ್ಣೆದುರಿಗೆ."

ಕಂಪ್ಯೂಟರು ತಿಣುಕಿ ತಿಣುಕಿ ಹೊಸ ಚಿತ್ರ ಕೊಟ್ಟಿತು. ಉಂಗುರದ ಜಾಗದಲ್ಲಿ ಧೂಳು ತುಂಬಿತ್ತು.

ಅವನು ಎದ್ದು ಬಾಗಿಲು ಮುಚ್ಚಿ ಬಂದ. "ಯಾರಿಗೆ ಗೊತ್ತಾಗುತ್ತೆ, ಮೇಡಂ? ನಿಮ್ಮ ಎರಡು ವರ್ಷದ ವಿಷಯಾನೂ ನನ್ನ ಕೈಯಲ್ಲೇ ಇದೆ."

"ಬೆದರಿಸ್ತೀಯೇನೋ, ಪಾಪಿ! ಗದ್ದಲ ಅಂದ್ಯಲ್ಲ, ಅದೇ ಕಣೋ ಧೂಳು! ನಾನು ಇಷ್ಟು ವರ್ಷ ಹುಡುಕಿದ್ದೇ ಅದನ್ನ. ಮಧ್ಯಾಹ್ನ ನೀನು ಬಾಯಿ ತೆಗಿ ನೋಡು, ಎರಡೂ ಚಿತ್ರ ಹಿಡ್ಕೊಂಡು ಎದುರಿಗೇ ಬಂದು ನಿಲ್ತೀನಿ."

ಪತ್ರಿಕೆಯವರಿಗೆ ಬರಬೇಡಿರೆಂದು ಅವನು ಹೇಳಿಕಳಿಸಿದ. ಧೂಳಮ್ಮನ ಎರಡು ವರ್ಷಕ್ಕೂ ಸಂಜೆಯೊಳಗೆ ಎಳ್ಳುನೀರು ಬಿಟ್ಟ.

ಮನೆಯಲ್ಲಿ ಅಕ್ಕ ಬಾಗಿಲು ತೆಗೆದಳು. "ಏನೇ, ಮುಖ ಇಷ್ಟು ಗಂಟು?"

"ಗ್ರಹ ಹೋಯ್ತು. ನಿರ್ದೇಶಕನ ಹತ್ರ ಜಗಳ ಆಡ್ದೆ, ಕೆಲಸವೂ ಹೋಯ್ತು."

"ಸ್ವಲ್ಪ ತಗ್ಗಿ ನಡೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಹೋಗಿ ಒಂದು ಮಾತು ಕ್ಷಮಿಸು ಅನ್ನು."

"ಕ್ಷಮೆನಾ? ಕೇಳೋದಾದ್ರೆ ಅವನು ಹೋಗಿ ಆ ಧೂಳನ್ನ ಕೇಳ್ಲಿ!"

ಚಪ್ಪಲಿಯನ್ನು ಮೂಲೆಗೆ ಒಗೆದು ಒಳಗೆ ಹೋದರು. ನಿವೃತ್ತಿಗೆ ಇನ್ನೂ ಕೆಲವು ದಿನ ಉಳಿದಿದ್ದವು; ಮರುದಿನ ಹೊಸ ವಿದ್ಯಾರ್ಥಿಗಳ ತರಗತಿಯಿತ್ತು. ನಕ್ಷತ್ರಗಳ ವಯಸ್ಸಿನ ಪಾಠವನ್ನು ಬದಿಗಿಟ್ಟು, ಹತ್ತಿರದ ಆಂಟೆನಾಗಳಿಂದಲೇ ಶುರುಮಾಡಿದರು. ಹಲಗೆಯ ಮೇಲೆ ಸೀಮೆಸುಣ್ಣ ಎರಡು ಸಲ ಮುರಿಯಿತು.